ಕೊನೆಯ ವಂದನೆ ಸಲ್ಲಿಸುವ ಹಿರಿಯ ಯೋಧರು

ನವೆಂಬರ್ ತಿಂಗಳು ಮೃತರ ಸ್ಮರಣೆಯ ತಿಂಗಳು. 2ನೇ ತಾರೀಖಿನಂದು ನಮ್ಮ ಧರ್ಮಕೇಂದ್ರಗಳ ಸಮಾಧಿಭೂಮಿಗಳು ಹೂವಿನಿಂದಲೂ ಮೇಣದ ಬತ್ತಿಗಳ ಬೆಳಕಿನಿಂದಲೂ ತುಂಬಿರುತ್ತವೆ. ಗುರುಗಳು ಸಾಲು ಸಾಲಾಗಿ ನಡೆದು ತೀರ್ಥ ಚಿಮುಕಿಸಿ ಸಮಾಧಿಗಳನ್ನು ಆಶೀರ್ವದಿಸುತ್ತಾರೆ. ಅದಾದ ಒಂಬತ್ತು ದಿನಗಳಿಗೆ, 11ರಂದು, ಧರ್ಮಸಭೆಯು ತೂರ್ ಪಟ್ಟಣದ ಸಂತ ಮಾರ್ಟಿನರ ಹಬ್ಬವನ್ನು ಆಚರಿಸುತ್ತದೆ. ರೋಮನ್ ಸೈನ್ಯದಲ್ಲಿದ್ದ ಮಾರ್ಟಿನರು ಆಮಿಯೆನ್ ಪಟ್ಟಣದ ಹೆಬ್ಬಾಗಿಲಲ್ಲಿ ಚಳಿಯಿಂದ ನಡುಗುತ್ತಿದ್ದ ಬಡವನೊಬ್ಬನಿಗೆ ತಮ್ಮ ಮೇಲಂಗಿಯನ್ನು ಖಡ್ಗದಿಂದ ಸೀಳಿ ಅರ್ಧವನ್ನು ಕೊಟ್ಟ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದೇವೆ. ಆದರೆ ನವೆಂಬರ್ 11 ಅವರು ಮರಣ ಹೊಂದಿದ ದಿನವಲ್ಲ, ಕ್ರಿ.ಶ. 397ರಲ್ಲಿ ಅವರ ಶರೀರವನ್ನು ಭೂಮಿಗೆ ಒಪ್ಪಿಸಿದ ದಿನವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಸೈನಿಕರ ಪಾಲಕ ಸಂತರ ಹಬ್ಬವು ಅವರ ಸಮಾಧಿಯ ದಿನದಂದೇ ಬರುತ್ತದೆ.

ಮೊದಲನೆಯ ಮಹಾಯುದ್ಧವು 1918ರಲ್ಲಿ ನಿಂತದ್ದೂ ಇದೇ ತಾರೀಖಿನಂದು. ಅಮೆರಿಕಾದಲ್ಲಿ ಈ ದಿನವನ್ನು ಮಾಜಿ ಸೈನಿಕರ ದಿನವೆಂದು ಆಚರಿಸುತ್ತಾರೆ. ಆ ದೇಶದ ಊರೂರುಗಳಲ್ಲಿ ನಿವೃತ್ತ ಯೋಧರು ಯಾವ ಸಂಬಳವೂ ಇಲ್ಲದೆ, ಯಾರ ಬಲವಂತವೂ ಇಲ್ಲದೆ ನಡೆಸಿಕೊಂಡು ಬಂದಿರುವ ಸೇವೆಯೊಂದಿದೆ. ಗತಿಸಿದ ಸಹಯೋಧರ ಅಂತ್ಯಕ್ರಿಯೆಗೆ ಹೋಗಿ ಕೊನೆಯ ಸೇನಾ ಗೌರವವನ್ನು ಸಲ್ಲಿಸುವುದೇ ಆ ಸೇವೆ. ಮೃತರನ್ನು ಸಮಾಧಿ ಮಾಡುವುದು ಧರ್ಮಸಭೆಯು ನಮಗೆ ಕಲಿಸಿದ ಏಳು ದೈಹಿಕ ದಯಾಕಾರ್ಯಗಳಲ್ಲಿ ಒಂದು. ಆ ಕಾರ್ಯವನ್ನು ನಿತ್ಯವ್ರತವನ್ನಾಗಿ ಮಾಡಿಕೊಂಡ ಈ ಹಿರಿಯರಿಂದ ನಾವು ಕಲಿಯತಕ್ಕದ್ದು ಬಹಳವಿದೆ.

ಹಿಮದಲ್ಲಿ ನಿಂತ ಸಾಲು

ಅಮೆರಿಕಾದ ಉತ್ತರ ಗಡಿಗೆ ಹೊಂದಿಕೊಂಡಿರುವ ಮಿನ್ನೆಸೋಟಾ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದ ವಿಮಾನ ನಿಲ್ದಾಣದ ಮಗ್ಗುಲಲ್ಲಿ, ಫೋರ್ಟ್ ಸ್ನೆಲ್ಲಿಂಗ್ ಎಂಬ ರಾಷ್ಟ್ರೀಯ ಸಮಾಧಿಭೂಮಿಯಿದೆ. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲಿ ವಿಶ್ರಮಿಸಿದ್ದಾರೆ. ಒಂದೇ ಅಳತೆಯ ಬಿಳಿಯ ಕಲ್ಲುಗಳು ಕಣ್ಣು ಹಾಯುವವರೆಗೂ ಸಾಲಾಗಿ ನಿಂತಿವೆ. ಸೇನಾಪತಿಗೊಂದು, ಸಿಪಾಯಿಗೊಂದು ಎಂಬ ಭೇದ ಆ ಕಲ್ಲುಗಳಲ್ಲಿ ಕಾಣುವುದಿಲ್ಲ.

1979ರಲ್ಲಿ ಇಲ್ಲಿ ಮಾಜಿ ಸೈನಿಕರ ಒಂದು ಬಂದೂಕುದಾರಿ ತಂಡ ಹುಟ್ಟಿಕೊಂಡಿತು. ಸ್ವಯಂಸೇವಕರೇ ಸೇರಿ ಕಟ್ಟಿದ ತಂಡವಿದು. ವಾರದ ಐದು ಕೆಲಸದ ದಿನಗಳಿಗೂ ಬೇರೆ ಬೇರೆ ತಂಡಗಳಿವೆ. ಸೋಮವಾರದವರು ಸೋಮವಾರ, ಮಂಗಳವಾರದವರು ಮಂಗಳವಾರ ತಪ್ಪದೆ ಬರುತ್ತಾರೆ. ಒಂದೇ ದಿನ ಹಲವು ಅಂತ್ಯಕ್ರಿಯೆಗಳಿದ್ದರೆ ಒಂದು ಸಮಾಧಿಯಿಂದ ಇನ್ನೊಂದಕ್ಕೆ ಸಾಗಿ ನಿಲ್ಲುತ್ತಾರೆ. ಚಳಿಗಾಲದಲ್ಲಿ ಆ ಪ್ರಾಂತದ ಶೀತವು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಪರೂಪವಲ್ಲ. ನಮ್ಮ ಕರಾವಳಿಯ ಬಿಸಿಲಿನಲ್ಲಿ ಬೆಳೆದವರಿಗೆ ಆ ಚಳಿಯ ಕಲ್ಪನೆಯೂ ಕಷ್ಟ. ಅಂಥ ಚಳಿಯಲ್ಲಿ ಮೊಮ್ಮಕ್ಕಳನ್ನು ಕಂಡ ವಯಸ್ಸಿನವರು ಬಂದೂಕು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ತಾವು ಎಂದೂ ಮುಖ ನೋಡದ ಒಬ್ಬನಿಗಾಗಿ ಸಾಲಾಗಿ ನಿಲ್ಲುತ್ತಾರೆ.

ಇಂಥ ತಂಡಗಳು ಆ ದೇಶದಲ್ಲಿ ನೂರಾರಿವೆ. 1899ರಲ್ಲಿ ಬೇರುಬಿಟ್ಟ 'ವೆಟರನ್ಸ್ ಆಫ್ ಫಾರಿನ್ ವಾರ್ಸ್', 1919ರಲ್ಲಿ ಸ್ಥಾಪನೆಯಾದ 'ಅಮೆರಿಕನ್ ಲೀಜನ್' ಎಂಬ ಮಾಜಿ ಸೈನಿಕರ ಸಂಘಗಳ ಊರ ಘಟಕಗಳೇ ಹೆಚ್ಚಾಗಿ ಇವುಗಳನ್ನು ನಡೆಸುತ್ತವೆ. ಕಥೋಲಿಕ ಮಾಜಿ ಸೈನಿಕರಿಗೂ ಒಂದು ಸಂಘವಿದೆ. ನ್ಯೂಯಾರ್ಕ್ ನಗರದ ಅಸ್ಟೋರಿಯಾ ಎಂಬಲ್ಲಿ ಧರ್ಮಕೇಂದ್ರದ ಗುರುಗಳಾಗಿದ್ದ ಮೊನ್ಸಿಂಜೊರ್ ಎಡ್ವರ್ಡ್ ಹಿಗ್ಗಿನ್ಸ್ ಅವರು 1935ರಲ್ಲಿ ಅದನ್ನು ಆರಂಭಿಸಿದರು.

ಗುಂಡು, ಬ್ಯೂಗಲ್, ಬಾವುಟ

ಈ ಗೌರವದಲ್ಲಿ ಮುಖ್ಯವಾದ ಅಂಗಗಳು ಮೂರು. ಮೊದಲನೆಯದು ಮೂರು ಸುತ್ತು ಗುಂಡು ಹಾರಿಸುವುದು. ಇದನ್ನು ಇಪ್ಪತ್ತೊಂದು ಕುಶಾಲತೋಪು ಎಂದು ಭಾವಿಸುವವರುಂಟು; ಅದು ಸರಿಯಲ್ಲ. ಕುಶಾಲತೋಪು ರಾಷ್ಟ್ರದ ಮುಖ್ಯಸ್ಥರಿಗೆ ಫಿರಂಗಿಗಳಿಂದ ಸಲ್ಲುವ ಮರ್ಯಾದೆ. ಇದು ಬಂದೂಕುಗಳಿಂದ ಸಾಮಾನ್ಯ ಸೈನಿಕನಿಗೂ ಸಲ್ಲುವಂಥದು. ಹಿಂದಿನ ಕಾಲದ ಯುದ್ಧಗಳಲ್ಲಿ ಎರಡೂ ಕಡೆಯವರು ಕಾದಾಟವನ್ನು ನಿಲ್ಲಿಸಿ, ರಣಭೂಮಿಯಿಂದ ತಮ್ಮ ತಮ್ಮ ಮೃತರನ್ನು ಎತ್ತಿಕೊಂಡು ಹೋಗುವ ರೂಢಿಯಿತ್ತು. ಆ ಕೆಲಸ ಮುಗಿಯಿತೆಂದು ತಿಳಿಸಲು ಮೂರು ಸುತ್ತು ಗುಂಡು ಹಾರಿಸುತ್ತಿದ್ದರೆಂದು ಹೇಳುತ್ತಾರೆ. ನಮ್ಮ ಮೃತರನ್ನು ನಾವು ಬಿಟ್ಟು ಬಂದಿಲ್ಲ ಎಂಬುದೇ ಆ ಸದ್ದಿನ ಅರ್ಥ.

ಸ್ವಯಂಸೇವಕ ತಂಡಗಳು ಬಳಸುವ ಬಂದೂಕು ಸಾಮಾನ್ಯವಾಗಿ ಎರಡನೆಯ ಮಹಾಯುದ್ಧದ ಕಾಲದ ಎಂ-1 ಗ್ಯಾರಂಡ್. ಹಳೆಯದಾದ ಈ ಬಂದೂಕುಗಳನ್ನು ಸೇನೆಯು ಸಂಘಗಳಿಗೆ ಎರವಲಾಗಿ ಕೊಡುತ್ತದೆ. ಸೀಸದ ಗುಂಡಿಲ್ಲದ ತೋಟೆಗಳನ್ನು ಹಾರಿಸುವಾಗ ಒಳಗಿನ ಒತ್ತಡ ಸಾಲದೆ ಹೋಗುವುದರಿಂದ ಮುಂದಿನ ತೋಟೆ ತಾನಾಗಿ ಏರುವುದಿಲ್ಲ. ಪ್ರತಿ ಸುತ್ತಿಗೂ ಕೈಯಿಂದಲೇ ಎಳೆದು ಸಜ್ಜುಮಾಡಬೇಕು. ಸಂಧಿವಾತದ ಬೆರಳುಗಳಿಗೆ, ಕೈಗವಸಿನ ಒಳಗೂ ಮರಗಟ್ಟಿದ ಅಂಗೈಗಳಿಗೆ ಇದು ಸುಲಭದ ಕೆಲಸವಲ್ಲ. ಆದರೂ ಏಳು ಬಂದೂಕುಗಳ ಸದ್ದು ಒಂದೇ ಸದ್ದಾಗಿ ಕೇಳಿಸಬೇಕೆಂದು ಅವರು ಅಭ್ಯಾಸ ಮಾಡುತ್ತಾರೆ. ಅನೇಕ ಕಡೆ ನೆಲಕ್ಕೆ ಬಿದ್ದ ಖಾಲಿ ತೋಟೆಗಳಲ್ಲಿ ಮೂರನ್ನು ಆರಿಸಿ ಮನೆಯವರಿಗೆ ನೆನಪಿನ ಕಾಣಿಕೆಯಾಗಿ ಕೊಡುವ ಪದ್ಧತಿಯೂ ಇದೆ.

ಎರಡನೆಯದು 'ಟ್ಯಾಪ್ಸ್' ಎಂಬ ಬ್ಯೂಗಲ್ ನಾದ. ನಮ್ಮ ಸೇನೆಯಲ್ಲಿ ನುಡಿಸುವ 'ಲಾಸ್ಟ್ ಪೋಸ್ಟ್' ಬೇರೆ, ಇದು ಬೇರೆ. ಇಪ್ಪತ್ತನಾಲ್ಕೇ ಸ್ವರಗಳ ಈ ನಾದವು ಅಮೆರಿಕಾದ ಅಂತರ್ಯುದ್ಧದಲ್ಲಿ, 1862ರ ಬೇಸಿಗೆಯಲ್ಲಿ, ವರ್ಜೀನಿಯಾದ ಹ್ಯಾರಿಸನ್ಸ್ ಲ್ಯಾಂಡಿಂಗ್ ಎಂಬ ಪಾಳೆಯದಲ್ಲಿ ರೂಪುಗೊಂಡಿತು. ಸೇನಾಪತಿ ಡೇನಿಯಲ್ ಬಟರ್‌ಫೀಲ್ಡ್ ಅವರು ದೀಪ ಆರಿಸಿ ಮಲಗುವ ಸಂಕೇತಕ್ಕಾಗಿ ಅದನ್ನು ಹೊಂದಿಸಿದರು. ಆಲಿವರ್ ನಾರ್ಟನ್ ಎಂಬ ಬ್ಯೂಗಲ್‌ಗಾರ ಮೊದಲು ನುಡಿಸಿದ. ಅದೇ ವರ್ಷ ಜಾನ್ ಟಿಡ್‌ಬಾಲ್ ಎಂಬ ಅಧಿಕಾರಿಗೆ ತನ್ನ ಸೈನಿಕನೊಬ್ಬನನ್ನು ಹೂಳಬೇಕಾಗಿ ಬಂತು. ಶತ್ರು ಸಮೀಪದಲ್ಲಿದ್ದುದರಿಂದ ಗುಂಡು ಹಾರಿಸಿದರೆ ಕಾದಾಟ ಮತ್ತೆ ಆರಂಭವಾದೀತೆಂದು ಅಂಜಿ, ಅದರ ಬದಲು ಈ ನಾದವನ್ನು ನುಡಿಸಲು ಹೇಳಿದ. ದಿನದ ದುಡಿಮೆ ಮುಗಿಸಿದವನಿಗೆ ನಿದ್ರೆಯ ಅಪ್ಪಣೆಯಾಗಿದ್ದ ನಾದವು ಹೀಗೆ ಬಾಳಿನ ದುಡಿಮೆ ಮುಗಿಸಿದವನಿಗೂ ಸಂದಿತು. ಮರಣವನ್ನು ನಿದ್ರೆಯೆಂದು ಕರೆಯುವ ವಿಶ್ವಾಸದಲ್ಲಿ ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನಾದದ ಒಂದು ಪ್ರಸಂಗ ಲೋಕವಿಖ್ಯಾತವಾಗಿದೆ. ಅಮೆರಿಕಾದ ಪ್ರಥಮ ಕಥೋಲಿಕ ಅಧ್ಯಕ್ಷ ಜಾನ್ ಕೆನೆಡಿಯವರ ಅಂತ್ಯಕ್ರಿಯೆ 1963ರ ನವೆಂಬರ್ 25ರಂದು ಆರ್ಲಿಂಗ್‌ಟನ್ ಸಮಾಧಿಭೂಮಿಯಲ್ಲಿ ನಡೆದಾಗ, ಸೇನಾ ವಾದ್ಯವೃಂದದ ಕೀತ್ ಕ್ಲಾರ್ಕ್ ಎಂಬವರು ಚಳಿಯಲ್ಲಿ ಬಹಳ ಹೊತ್ತು ಕಾದು ನಿಂತು ಟ್ಯಾಪ್ಸ್ ನುಡಿಸಿದರು. ಆರನೆಯ ಸ್ವರ ಒಡೆಯಿತು. ನುರಿತ ವಾದಕರಾದ ಅವರಿಗೆ ಅದು ನೋವಾಗಿಯೇ ಉಳಿಯಿತು. ಆದರೆ ಕೇಳಿದ ಜನರು ಅದನ್ನು ತಪ್ಪೆಂದು ಎಣಿಸಲಿಲ್ಲ. ಒಂದು ರಾಷ್ಟ್ರದ ಬಿಕ್ಕಳಿಕೆಯೆಂದೇ ತಿಳಿದರು.

ಮೂರನೆಯದು ಬಾವುಟ. ಶವಪೆಟ್ಟಿಗೆಯ ಮೇಲೆ ಹೊದಿಸಿದ ರಾಷ್ಟ್ರಧ್ವಜವನ್ನು ಹದಿಮೂರು ಬಾರಿ ಮಡಿಚಿ ತ್ರಿಕೋನವಾಗಿಸುತ್ತಾರೆ. ನಕ್ಷತ್ರಗಳಿರುವ ನೀಲಿ ಭಾಗ ಮಾತ್ರ ಹೊರಗೆ ಕಾಣಬೇಕು. ಬಳಿಕ ಒಬ್ಬ ಸೈನಿಕ ವಿಧವೆಯ ಮುಂದೆಯೋ ಮಗನ ಮುಂದೆಯೋ ಮೊಣಕಾಲೂರಿ, ಕೃತಜ್ಞ ರಾಷ್ಟ್ರದ ಪರವಾಗಿ ಅದನ್ನು ಕೈಗೆ ಒಪ್ಪಿಸುತ್ತಾನೆ.

ಕಾನೂನು ಬಂದರೂ ಹಿರಿಯರು ಬೇಕಾದರು

ಸೈನಿಕನಿಗೆ ಗೌರವ ಸಲ್ಲಿಸಬೇಕಾದದ್ದು ಸೇನೆಯಲ್ಲವೇ, ಮುದುಕರು ಏಕೆ ನಿಲ್ಲಬೇಕು ಎಂದು ನಮ್ಮ ಓದುಗರು ಕೇಳಬಹುದು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 1 ಕೋಟಿ 60 ಲಕ್ಷ ಅಮೆರಿಕನ್ನರು ಸೇನೆಯಲ್ಲಿ ದುಡಿದರು. 1990ರ ದಶಕದ ಕೊನೆಯ ಹೊತ್ತಿಗೆ ಆ ಪೀಳಿಗೆಯವರು ದಿನಕ್ಕೆ ಸಾವಿರದ ಲೆಕ್ಕದಲ್ಲಿ ಕಣ್ಣು ಮುಚ್ಚತೊಡಗಿದರು. ಅದೇ ದಶಕದಲ್ಲಿ ಶೀತಲ ಸಮರ ಮುಗಿದು ಸೇನೆಯ ಗಾತ್ರ ಕುಗ್ಗಿತು, ಅನೇಕ ನೆಲೆಗಳು ಮುಚ್ಚಿದವು. ಅಂತ್ಯಕ್ರಿಯೆಗಳು ಹೆಚ್ಚಿದವು, ಕಳುಹಿಸಲು ಸೈನಿಕರು ಕಡಿಮೆಯಾದರು. ಹೀಗಾಗಿ ಎಷ್ಟೋ ಮನೆಯವರು ಗೌರವಕ್ಕಾಗಿ ಕೇಳಿಕೊಂಡರೂ ಯಾರೂ ಬಾರದೆ, ಬ್ಯೂಗಲ್ಲಿನ ದನಿಯಿಲ್ಲದೆ ತಂದೆಯನ್ನು ಮಣ್ಣಿಗಿಡಬೇಕಾಯಿತು.

ಈ ಕೊರಗಿನಿಂದ 1999ರಲ್ಲಿ ಒಂದು ಕಾನೂನು ಹುಟ್ಟಿತು. 2000ನೇ ಇಸವಿಯ ಜನವರಿ 1ರಿಂದ ಜಾರಿಗೆ ಬಂತು. ಅದರಂತೆ, ಮನೆಯವರು ಕೇಳಿಕೊಂಡರೆ ಅರ್ಹನಾದ ಪ್ರತಿಯೊಬ್ಬ ಮಾಜಿ ಸೈನಿಕನ ಅಂತ್ಯಕ್ರಿಯೆಗೂ ಕಡಿಮೆಯೆಂದರೆ ಇಬ್ಬರು ಸಮವಸ್ತ್ರಧಾರಿಗಳು ಬರಬೇಕು, ಅವರಲ್ಲಿ ಒಬ್ಬರು ಮೃತರು ಸೇವೆ ಸಲ್ಲಿಸಿದ ಸೇನಾ ವಿಭಾಗದವರೇ ಆಗಿರಬೇಕು, ಬಾವುಟವನ್ನು ಮಡಿಚಿ ಒಪ್ಪಿಸಬೇಕು, ಟ್ಯಾಪ್ಸ್ ನುಡಿಸಬೇಕು. ಇಬ್ಬರಿಂದ ಬಾವುಟದ ಕೆಲಸವಾಗುತ್ತದೆ. ಆದರೆ ಬಂದೂಕಿನ ಸಾಲು ಇಬ್ಬರಿಂದ ಆಗದು. ಆ ಕೊರತೆಯನ್ನು ತುಂಬಿದವರು, ಇಂದಿಗೂ ತುಂಬುತ್ತಿರುವವರು, ಊರಿನ ಹಿರಿಯ ಸ್ವಯಂಸೇವಕರು. ಕಾನೂನು ಕನಿಷ್ಠವನ್ನು ಗೊತ್ತುಪಡಿಸಿತು. ಉಳಿದದ್ದನ್ನು ಪ್ರೀತಿಯು ಪೂರೈಸಿತು.

ಬ್ಯೂಗಲ್ ನುಡಿಸಬಲ್ಲವರ ಸಂಖ್ಯೆಯೂ ಸಾಲದೆ ಹೋಯಿತು. ಧ್ವನಿಮುದ್ರಣವನ್ನು ಬಳಸಬಹುದೆಂದು ಕಾನೂನು ಅನುಮತಿ ಕೊಟ್ಟಿತು. 2003ರಲ್ಲಿ ಬ್ಯೂಗಲ್ಲಿನ ಬಾಯೊಳಗೆ ಅಡಗಿಸಿಡುವ ಒಂದು ಪುಟ್ಟ ಯಂತ್ರವೂ ಬಳಕೆಗೆ ಬಂತು. ಗುಂಡಿಯನ್ನು ಒತ್ತಿ ಬ್ಯೂಗಲನ್ನು ತುಟಿಗಿಟ್ಟು ನಿಂತರೆ ಸಾಕು, ನಾದ ತಪ್ಪಿಲ್ಲದೆ ಹೊರಡುತ್ತದೆ. ಒಡೆದ ಸ್ವರದಲ್ಲಿ ದೇಶದ ದುಃಖವನ್ನು ಕೇಳಿದ ಜನರಿಗೆ ಈ ಒಡೆಯದ ಸ್ವರ ಪೂರ್ತಿ ಸಮಾಧಾನ ತರಲಿಲ್ಲ. ಇಲಿನಾಯ್ ರಾಜ್ಯದ ಟಾಮ್ ಡೇ ಎಂಬ ಮಾಜಿ ಮರೀನ್ ಸೈನಿಕರು 2000ದಲ್ಲಿಯೇ 'ಬ್ಯೂಗಲ್ಸ್ ಅಕ್ರಾಸ್ ಅಮೆರಿಕಾ' ಎಂಬ ಸಂಸ್ಥೆಯನ್ನು ಆರಂಭಿಸಿ, ಪ್ರತಿಯೊಬ್ಬ ಯೋಧನಿಗೂ ಮನುಷ್ಯರ ಉಸಿರಿನಿಂದಲೇ ನಾದ ಹೊರಡಬೇಕೆಂದು ಸ್ವಯಂಸೇವಕ ವಾದಕರನ್ನು ಒಟ್ಟುಗೂಡಿಸಿದರು. ಗಂಡಸರು, ಹೆಂಗಸರು, ಶಾಲಾ ವಿದ್ಯಾರ್ಥಿಗಳು ಸಹ ಈ ಕಾರ್ಯಕ್ಕೆ ಮುಂದೆ ಬಂದರು.

ದೇವಾಲಯದ ಬಾಗಿಲಲ್ಲಿ

ಕಥೋಲಿಕ ಯೋಧನ ಅಂತ್ಯಕ್ರಿಯೆಯಲ್ಲಿ ಒಂದು ವಿಶೇಷವಿದೆ. ಅಮೆರಿಕಾದ ಧರ್ಮಸಭೆಯಲ್ಲಿ 1989ರಿಂದ ಬಳಕೆಯಲ್ಲಿರುವ ಅಂತ್ಯಕ್ರಿಯಾ ವಿಧಿಯ ಪ್ರಕಾರ ರಾಷ್ಟ್ರಧ್ವಜವನ್ನು ಹೊದಿಸಿದ ಶವಪೆಟ್ಟಿಗೆ ದೇವಾಲಯದ ಬಾಗಿಲಿಗೆ ಬಂದಾಗ ಧ್ವಜವನ್ನು ತೆಗೆಯಬೇಕು. ಗುರುಗಳು ತೀರ್ಥವನ್ನು ಚಿಮುಕಿಸಿ, ಪೆಟ್ಟಿಗೆಯ ಮೇಲೆ ಬಿಳಿಯ ವಸ್ತ್ರವನ್ನು ಹೊದಿಸುವುದು ಅಲ್ಲಿನ ರೂಢಿ. ಜ್ಞಾನಸ್ನಾನದ ದಿನ ಶಿಶುವಿಗೆ ಉಡಿಸಿದ ಬಿಳಿಯ ಬಟ್ಟೆಯ ನೆನಪದು. ಪಾಸ್ಖ ಮೇಣದ ಬತ್ತಿಯ ಬಳಿ ಪೆಟ್ಟಿಗೆಯನ್ನಿಟ್ಟು ಬಲಿಪೂಜೆಯನ್ನು ಅರ್ಪಿಸುತ್ತಾರೆ. ಪೂಜೆ ಮುಗಿದು ಹೊರಗೆ ಬಂದ ಮೇಲೆ ಧ್ವಜವನ್ನು ಮತ್ತೆ ಹೊದಿಸಬಹುದು.

ಇದನ್ನು ಧ್ವಜಕ್ಕೆ ಮಾಡಿದ ಅಗೌರವವೆಂದು ತಿಳಿಯಬಾರದು. ದೇವರ ಮುಂದೆ ನಾವೆಲ್ಲರೂ ಒಂದೇ ವಸ್ತ್ರದಲ್ಲಿ ನಿಲ್ಲುತ್ತೇವೆಂಬುದು ಅದರ ಬೋಧನೆ. ಸೇನಾಪತಿಗೂ ಅಡುಗೆಯವನಿಗೂ ಅದೇ ಬಿಳಿ ವಸ್ತ್ರ. ಅವನು ಮೊದಲು ದೇವರ ಮಗು, ಬಳಿಕ ದೇಶದ ಸೈನಿಕ. ಬಾಗಿಲ ಹೊರಗೆ ಬಂದೂಕು ಹಿಡಿದ ಹಿರಿಯರು ಕಾಯುತ್ತಾರೆ. ಒಳಗೆ ಶಾಂತಿಯ ಬಲಿ ಅರ್ಪಣೆಯಾಗುತ್ತದೆ. ಎರಡಕ್ಕೂ ತಮ್ಮ ತಮ್ಮ ಸ್ಥಾನವಿದೆ.

ಯುದ್ಧವನ್ನು ಖಂಡಿಸಿ ಶಾಂತಿಯನ್ನು ಬೋಧಿಸುವ ಧರ್ಮಸಭೆಯ ಮಕ್ಕಳು ಗುಂಡಿನ ಸದ್ದಿನ ಗೌರವವನ್ನು ಒಪ್ಪಬಹುದೇ ಎಂಬ ಪ್ರಶ್ನೆ ಕೆಲವರಲ್ಲಿ ಏಳುವುದು ಸಹಜ. ನಮಗೆ ತೋರುವುದಿಷ್ಟು: ಸಮಾಧಿಯ ಬಳಿ ನಿಲ್ಲುವ ಆ ಮುದುಕರು ಯುದ್ಧವನ್ನು ಹೊಗಳಲು ಬಂದವರಲ್ಲ. ಯುದ್ಧವೆಂದರೇನೆಂದು ಬಲ್ಲವರು ಅವರೇ. ಅವರು ನಿಲ್ಲುವುದು ಒಬ್ಬ ಮನುಷ್ಯನಿಗಾಗಿ.

ಯಾರೂ ಇಲ್ಲದವರಿಗೆ ಯಾರು?

ಮನೆಯವರಿದ್ದಾಗ ಗೌರವವು ಸಾಂತ್ವನ. ಆದರೆ ಮನೆಯವರೇ ಇಲ್ಲದವರಿಗೆ? ಬೀದಿಯಲ್ಲಿ ಬಾಳಿ, ಆಸ್ಪತ್ರೆಯಲ್ಲಿ ಒಂಟಿಯಾಗಿ ಸತ್ತ ಮಾಜಿ ಸೈನಿಕರು ಆ ಸಿರಿವಂತ ದೇಶದಲ್ಲಿಯೂ ಉಂಟು. ದಹನದ ಬಳಿಕ ಯಾರೂ ಕೇಳಿಕೊಂಡು ಬಾರದ ಚಿತಾಭಸ್ಮದ ಪೆಟ್ಟಿಗೆಗಳು ಶವಾಗಾರಗಳ ಕಪಾಟುಗಳಲ್ಲಿ ವರ್ಷಗಟ್ಟಲೆ, ಕೆಲವೊಮ್ಮೆ ದಶಕಗಳ ಕಾಲ ಉಳಿದುಬಿಡುತ್ತವೆ. 'ಮಿಸ್ಸಿಂಗ್ ಇನ್ ಅಮೆರಿಕಾ ಪ್ರಾಜೆಕ್ಟ್' ಎಂಬ ಸ್ವಯಂಸೇವಕ ಸಂಸ್ಥೆಯು ಆ ಹೆಸರುಗಳನ್ನು ದಾಖಲೆಗಳೊಂದಿಗೆ ಹೋಲಿಸಿ, ಸೈನಿಕರಾಗಿದ್ದವರನ್ನು ಗುರುತಿಸಿ, ಅವರನ್ನು ರಾಷ್ಟ್ರೀಯ ಸಮಾಧಿಭೂಮಿಗೆ ತರುತ್ತದೆ. ಚಿತಾಭಸ್ಮವನ್ನು ಮನೆಯಲ್ಲಿಡದೆ, ಗಾಳಿಯಲ್ಲಿ ತೂರದೆ, ಪವಿತ್ರ ಸ್ಥಳದಲ್ಲಿಯೇ ಇಡಬೇಕೆಂದು ವ್ಯಾಟಿಕನ್ 2016ರಲ್ಲಿ ಸ್ಪಷ್ಟಪಡಿಸಿದೆ. ಮರೆತುಹೋದ ಕಪಾಟಿನಿಂದ ಹೆಸರು ಕೊರೆದ ಕಲ್ಲಿನಡಿಗೆ ಒಬ್ಬನನ್ನು ತರುವುದು ಆ ಬೋಧನೆಗೆ ಎಷ್ಟು ಹತ್ತಿರವಾದ ಕಾರ್ಯ!

ಆರ್ಲಿಂಗ್‌ಟನ್ನಿನಲ್ಲಿ ಇದೇ ಚಿಂತೆಯನ್ನು ಒಬ್ಬ ಮಹಿಳೆ ಬಹಳ ಹಿಂದೆಯೇ ಮಾಡಿದ್ದರು. ವಾಯುಸೇನೆಯ ಮುಖ್ಯಸ್ಥರಾಗಿದ್ದ ಹಾಯ್ಟ್ ವ್ಯಾಂಡನ್‌ಬರ್ಗ್ ಅವರ ಪತ್ನಿ ಗ್ಲ್ಯಾಡಿಸ್ ಅವರು, ಕೆಲವು ವಾಯುಯೋಧರ ಸಮಾಧಿಯ ಬಳಿ ಗುರುಗಳನ್ನೂ ಕರ್ತವ್ಯದ ಸೈನಿಕರನ್ನೂ ಬಿಟ್ಟರೆ ಯಾರೂ ಇರುತ್ತಿರಲಿಲ್ಲವೆಂದು ನೊಂದು, 1948ರಲ್ಲಿ ತಮ್ಮ ಗೆಳತಿಯರನ್ನು ಕೂಡಿಸಿ ಪ್ರತಿ ಅಂತ್ಯಕ್ರಿಯೆಗೂ ಒಬ್ಬರಾದರೂ ಹೋಗಿ ನಿಲ್ಲುವ ಏರ್ಪಾಡು ಮಾಡಿದರು. ಮುಂದೆ ಭೂಸೇನೆ, ನೌಕಾಸೇನೆಗಳಿಗೂ ಆ ಏರ್ಪಾಡು ಹಬ್ಬಿತು. 'ಆರ್ಲಿಂಗ್‌ಟನ್ ಮಹಿಳೆಯರು' ಎಂದೇ ಅವರು ಹೆಸರಾಗಿದ್ದಾರೆ.

ಕಥೋಲಿಕ ಶಾಲೆಗಳ ಹುಡುಗರೂ ಹಿಂದೆ ಬಿದ್ದಿಲ್ಲ. ಕ್ಲೀವ್‌ಲ್ಯಾಂಡ್ ನಗರದಲ್ಲಿ ಯೇಸುಸಭೆಯ ಗುರುಗಳು ನಡೆಸುವ ಸಂತ ಇಗ್ನೇಷಿಯಸ್ ಪ್ರೌಢಶಾಲೆಯ ವಿದ್ಯಾರ್ಥಿಗಳು ಶವಪೆಟ್ಟಿಗೆಯನ್ನು ಹೊರಲು ಜನರಿಲ್ಲದವರಿಗೆ ಹೆಗಲು ಕೊಡುವ ಬಳಗವನ್ನು ಕಟ್ಟಿಕೊಂಡಿದ್ದಾರೆ. ಪ್ರಭು ಯೇಸುವಿನ ಪವಿತ್ರ ಶರೀರವನ್ನು ಶಿಲುಬೆಯಿಂದ ಇಳಿಸಿ ತನ್ನ ಸ್ವಂತ ಸಮಾಧಿಯಲ್ಲಿಟ್ಟ ಅರಿಮಥಾಯದ ಜೋಸೆಫರ ಹೆಸರನ್ನು ಆ ಬಳಗಕ್ಕೆ ಇಟ್ಟಿದ್ದಾರೆ. 2015ರಲ್ಲಿ ಡೆಟ್ರಾಯಿಟ್ ನಗರದ ಯೇಸುಸಭೆಯ ಪ್ರೌಢಶಾಲೆಯ ಹುಡುಗರು ದಿಕ್ಕಿಲ್ಲದೆ ಸತ್ತ ಮಾಜಿ ಸೈನಿಕರ ಪೆಟ್ಟಿಗೆಗಳನ್ನು ಹೊತ್ತು ಸಮಾಧಿಗೆ ಒಯ್ದರು. ಹದಿನೇಳರ ಹರೆಯದವರ ಹೆಗಲೂ ಎಪ್ಪತ್ತೈದರ ಹಿರಿಯರ ಬಂದೂಕೂ ಒಂದೇ ಸೇವೆಯಲ್ಲಿ ಸೇರಿದವು.

ತೆಳುವಾಗುತ್ತಿರುವ ಸಾಲು

ಆದರೆ ಈ ಸೇವೆಗೂ ಸಂಕಟ ಬಂದಿದೆ. ಎರಡನೆಯ ಮಹಾಯುದ್ಧದ 1 ಕೋಟಿ 60 ಲಕ್ಷ ಯೋಧರಲ್ಲಿ ಈಗ ಒಂದು ಲಕ್ಷ ಮಂದಿಯೂ ಉಳಿದಿಲ್ಲ. ಕೊರಿಯಾ ಯುದ್ಧಕ್ಕೆ ಹೋದವರು ತೊಂಬತ್ತು ದಾಟಿದ್ದಾರೆ. ವಿಯೆಟ್ನಾಂ ಯುದ್ಧದವರು ಎಪ್ಪತ್ತು ದಾಟಿ ನಡೆದಿದ್ದಾರೆ. ನಿನ್ನೆ ಬಂದೂಕು ಹಿಡಿದು ಸಾಲಿನಲ್ಲಿ ನಿಂತವನಿಗಾಗಿ ಇಂದು ಅದೇ ಸಾಲು ಗುಂಡು ಹಾರಿಸಬೇಕಾಗುತ್ತದೆ. ಆ ಸಾಲಿನಲ್ಲಿ ಒಂದು ಸ್ಥಾನ ತೆರವಾಗಿರುತ್ತದೆ. ಕಿರಿಯ ಮಾಜಿ ಸೈನಿಕರಿಗೆ ಉದ್ಯೋಗವಿದೆ, ಚಿಕ್ಕ ಮಕ್ಕಳಿದ್ದಾರೆ. ಅಂತ್ಯಕ್ರಿಯೆಗಳಾದರೋ ಹೆಚ್ಚಾಗಿ ಕೆಲಸದ ದಿನಗಳಲ್ಲಿ, ಹಗಲು ಹೊತ್ತಿನಲ್ಲಿ. ಊರ ಘಟಕಗಳು ಪಕ್ಕದ ಊರಿನವರೊಂದಿಗೆ ಸೇರಿ, ಏಳು ಬಂದೂಕುಗಳಿದ್ದಲ್ಲಿ ಐದು, ಐದಿದ್ದಲ್ಲಿ ಮೂರು ಎಂದು ಸುಧಾರಿಸಿಕೊಳ್ಳಬೇಕಾಗುತ್ತದೆ.

ಪವಿತ್ರ ಗ್ರಂಥದ ತೊಬೀತನ ಕಥೆ ಇಲ್ಲಿ ನೆನಪಾಗುತ್ತದೆ. ನಿನೆವೆಯ ಸೆರೆವಾಸದಲ್ಲಿದ್ದ ಆ ಧರ್ಮಿಷ್ಠನು ಹಬ್ಬದ ಊಟಕ್ಕೆ ಕುಳಿತಾಗ, ತನ್ನ ಜನರಲ್ಲೊಬ್ಬನ ಶವ ಸಂತೆಯ ಬೀದಿಯಲ್ಲಿ ಬಿದ್ದಿದೆಯೆಂಬ ಸುದ್ದಿ ಬಂತು. ತುತ್ತನ್ನು ಬಾಯಿಗಿಡದೆ ಎದ್ದುಹೋಗಿ, ಶವವನ್ನು ತಂದಿರಿಸಿ, ಹೊತ್ತು ಮುಳುಗಿದ ಮೇಲೆ ಕುಣಿ ತೋಡಿ ಹೂತನು. ನೆರೆಹೊರೆಯವರು ನಕ್ಕರು. ಹಿಂದೆ ಇದೇ ಕಾರ್ಯಕ್ಕಾಗಿ ಪ್ರಾಣಭಯದಿಂದ ಓಡಿಹೋಗಬೇಕಾಗಿ ಬಂದವನು ಮತ್ತೆ ಅದನ್ನೇ ಮಾಡುತ್ತಾನಲ್ಲ ಎಂದು ಆಡಿಕೊಂಡರು. ಸತ್ತವನು ಆ ಉಪಕಾರವನ್ನು ಹಿಂದಿರುಗಿಸಲಾರ. ಇತರ ದಯಾಕಾರ್ಯಗಳಲ್ಲಿ ಹಸಿದವನ ಕಣ್ಣಿನಲ್ಲಿ ತೃಪ್ತಿಯನ್ನು ಕಾಣಬಹುದು, ರೋಗಿಯಿಂದ ಒಂದು ಒಳ್ಳೆಯ ಮಾತು ಕೇಳಬಹುದು. ಮೃತನ ಸೇವೆಯಲ್ಲಿ ಪ್ರತಿಫಲವಿಲ್ಲ. ಹಿಮದಲ್ಲಿ ನಿಂತ ಆ ಹಿರಿಯರ ಸೇವೆಯ ಹಿರಿಮೆ ಇರುವುದು ಇಲ್ಲಿಯೇ.

ನಮ್ಮ ಧರ್ಮಕೇಂದ್ರಗಳಲ್ಲಿ ಬಂದೂಕಿನ ಸಾಲು ಬೇಕಾಗಿಲ್ಲ. ಆದರೆ ಸಾಲು ಬೇಕು. ಮನೆತನ ದೊಡ್ಡದಾದರೆ, ಮಕ್ಕಳು ವಿದೇಶದಿಂದ ಬಂದಿಳಿದರೆ, ಅಂತ್ಯಕ್ರಿಯೆಯ ದಿನ ದೇವಾಲಯದಲ್ಲಿ ನಿಲ್ಲಲು ಸ್ಥಳವಿರುವುದಿಲ್ಲ. ಗುಡ್ಡದ ಬದಿಯ ಒಂಟಿ ಮುದುಕಿ ತೀರಿಹೋದ ದಿನ ಗಂಟೆಯ ದನಿಯನ್ನು ಎಷ್ಟು ಮಂದಿ ಕಿವಿಗೆ ಹಾಕಿಕೊಳ್ಳುತ್ತೇವೆ? ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ನಾಲ್ವರು ಸದಸ್ಯರ ಮೇಲೆ ಆ ಭಾರವನ್ನು ಬಿಟ್ಟು ನಾವು ನಮ್ಮ ಕೆಲಸಕ್ಕೆ ನಡೆಯುವುದಿಲ್ಲವೇ? ಗುರುತಿಲ್ಲದವರ ಶವಯಾತ್ರೆಗೆ ವರ್ಷದಲ್ಲಿ ಕೆಲವು ಬಾರಿಯಾದರೂ ಹೋಗಿ ನಿಲ್ಲುವೆವೆಂದು ನಿರ್ಧರಿಸಲು ಹಣ ಬೇಕಾಗಿಲ್ಲ, ಪಾಂಡಿತ್ಯ ಬೇಕಾಗಿಲ್ಲ. ಯುವಜನರನ್ನು ಜೊತೆಗೆ ಕರೆದುಕೊಂಡು ಹೋದರಂತೂ ಇನ್ನೂ ಒಳ್ಳೆಯದು.

ಸಂತ ಮಾರ್ಟಿನರು ಹೆಬ್ಬಾಗಿಲ ಬಳಿ ಕಂಡ ಬಡವನ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಆ ರಾತ್ರಿ ಕನಸಿನಲ್ಲಿ ಪ್ರಭುವೇ ಆ ಅರ್ಧ ಮೇಲಂಗಿಯನ್ನು ಹೊದ್ದು ಅವರಿಗೆ ಕಾಣಿಸಿಕೊಂಡರೆಂದು ಚರಿತ್ರೆ ಹೇಳುತ್ತದೆ. ಹೆಸರರಿಯದವನ ಕುಣಿಯ ಬಳಿ ನಿಂತವರು ಸಹ ಯಾರ ಬಳಿ ನಿಂತಿದ್ದೆವೆಂದು ಒಂದು ದಿನ ತಿಳಿದುಕೊಳ್ಳುವರು.